ಚಿಗರೆಯ ಕೆಮ್ಮು

ಬ್ಯಾಟನ್ ಕೈಗೆ ಸಿಕ್ಕಿದ್ದೇ ತಡ, ಚಿಗರೆ ಬಿಟ್ಟ ಬಾಣದಂತೆ ಓಡಿದಳು. ಮುಂದಿದ್ದ ಏಳನೇ ಕ್ಲಾಸಿನ ಹುಡುಗಿಯನ್ನು ತಿರುವಿನಲ್ಲೇ ಹಿಂದಿಕ್ಕಿದಳು. ಟೀಮಿನ ಗೆಳತಿಯರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಇನ್ನೇನು ಗೆರೆ ದಾಟಬೇಕು, ಅಷ್ಟರಲ್ಲಿ ಎದೆಯೊಳಗಿಂದ ಆ ಹಾಳು ಕೆಮ್ಮು ಎದ್ದು ಬಂತು. ಚಿಗರೆ ಅಲ್ಲೇ ನಿಂತುಬಿಟ್ಟಳು. ಏಳನೇ ಕ್ಲಾಸಿನವಳು ಪಕ್ಕದಲ್ಲೇ ಆರಾಮಾಗಿ ಓಡಿಹೋದಳು.

ಅವಳಿಗೆ ಚಿಗರೆ ಎಂದು ಹೆಸರಿಟ್ಟವರು ಪೀಟಿ ಮೇಷ್ಟ್ರು. ಅದೇ ಮೇಷ್ಟ್ರು ಈಗ ತಲೆ ಕೆರೆದುಕೊಂಡರು.

"ಶನಿವಾರ ರೇಸು. ಶುಕ್ರವಾರದವರೆಗೆ ನೋಡ್ತೀನಿ ಪುಟ್ಟಿ. ಕೆಮ್ಮು ನಿಲ್ಲಲಿಲ್ಲ ಅಂದ್ರೆ ನಿನ್ನ ಬದಲು ಬೇರೆಯವರು ಓಡಬೇಕಾಗುತ್ತೆ."

ಚಿಗರೆಗೆ ಅಳುವೂ ಬಂತು, ಸಿಟ್ಟೂ ಬಂತು. ಬೇರೆಯವರು ಎಂದರೆ ಉದ್ದಜಡೆ. ಉದ್ದಜಡೆ ಒಳ್ಳೆಯವಳೇ. ಆದರೆ ಓಡುವುದಕ್ಕಿಂತ ಹೆಚ್ಚು ಹೊತ್ತು ಜಡೆ ಸರಿಮಾಡಿಕೊಳ್ಳುತ್ತಾಳೆ.

ಚಿಗರೆಯ ಅಪ್ಪ ಹಾಸಿಗೆ ಮಾಡುವವನು. ಮನೆ ಎಂದರೆ ಒಂದೇ ಕೋಣೆ. ಅದರ ಅರ್ಧದಲ್ಲಿ ಹತ್ತಿ ಹಿಂಜುವ ಯಂತ್ರ, ಉಳಿದರ್ಧದಲ್ಲಿ ಅಡುಗೆ, ಓದು, ನಿದ್ದೆ, ಜಗಳ ಎಲ್ಲವೂ. ಜನ ತಂದುಕೊಟ್ಟ ಹಳೆಯ ಹಾಸಿಗೆಗಳನ್ನು ಅಪ್ಪ ಬಿಚ್ಚುತ್ತಿದ್ದ. ಗಂಟುಗಂಟಾದ ಹತ್ತಿಯನ್ನು ಯಂತ್ರ ಹಿಂಜಿ ಹಗುರ ಮಾಡುತ್ತಿತ್ತು. ಅಮ್ಮ ಅದನ್ನು ಹೊಸ ಬಟ್ಟೆಗೆ ತುಂಬಿ ಹೊಲಿಯುತ್ತಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮ ಸಿರಪ್ ಕೊಟ್ಟು, ಮಗುವನ್ನು ಧೂಳಿನಿಂದ ದೂರ ಇಡಿ ಎಂದಿದ್ದರು. ಅಜ್ಜಿ ಆ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಮೊಮ್ಮಗಳು ಸ್ಕೂಲಿನಿಂದ ಬಂದ ಕೂಡಲೇ ಬೀದಿಯ ಧೂಳು ಬರಬಾರದೆಂದು ಕಿಟಕಿ ಮುಚ್ಚಿ, ಸಂದಿಗಳಿಗೆಲ್ಲ ಹತ್ತಿ ತುರುಕುತ್ತಿದ್ದಳು. ಕೆಮ್ಮು ಜಾಸ್ತಿಯಾದಂತೆ ಅಜ್ಜಿ ತುರುಕುವ ಹತ್ತಿಯೂ ಜಾಸ್ತಿಯಾಯಿತು.

ಮಂಗಳವಾರ ಯಂತ್ರದ ಬೆಲ್ಟ್ ಪಟ್ಟೆಂದು ತುಂಡಾಯಿತು. ಹೊಸದು ಗುರುವಾರವೇ ಸಿಗುವುದು ಎಂದರು ಅಂಗಡಿಯವರು. ಒಂದು ಹಾಸ್ಟೆಲ್ಲಿನ ಹಾಸಿಗೆಗಳನ್ನೆಲ್ಲ ಭಾನುವಾರದೊಳಗೆ ಕೊಡಬೇಕಿತ್ತು. ಅಪ್ಪ ತಲೆಮೇಲೆ ಕೈಹೊತ್ತು ಕೂತ.

ಚಿಗರೆಗೆ ಮಾತ್ರ ಒಳ್ಳೆಯದೇ ಆಯಿತು. ಬುಧವಾರ ಕೆಮ್ಮು ಕಡಿಮೆಯಾಯಿತು. ಗುರುವಾರ ಅವಳು ಎಲ್ಲೂ ನಿಲ್ಲದೆ ಗೆರೆ ದಾಟಿದಳು. ಮೇಷ್ಟ್ರು ವಾಚು ನೋಡಿ, ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದರು. ಚಿಗರೆ ಕುಣಿಯುತ್ತಲೇ ಮನೆಗೆ ಬಂದಳು. ಬಾಗಿಲು ತೆಗೆದರೆ, ಹೊಸ ಬೆಲ್ಟ್ ಹಾಕಿಸಿಕೊಂಡ ಯಂತ್ರ ಗಡಗಡ ಎನ್ನುತ್ತಿತ್ತು. ಬ್ಯಾಗು ಇಳಿಸುವ ಮೊದಲೇ ಕೆಮ್ಮು ಹಿಡಿದುಕೊಂಡಿತು.

ಅಜ್ಜಿ ಕಿಟಕಿ ಮುಚ್ಚಲು ಎದ್ದಳು. ಕಿಟಕಿಯಿಂದ ಬಿಸಿಲಕೋಲೊಂದು ಒಳಗೆ ಇಳಿದಿತ್ತು. ಅದರ ತುಂಬ ಸಣ್ಣ ಸಣ್ಣ ಎಳೆಗಳು, ಹಿಟ್ಟಿನಂಥ ಪುಡಿ ತೇಲುತ್ತಿದ್ದವು. ದಿನಾ ನೋಡಿದ್ದೇ. ಇವತ್ತು ಮಾತ್ರ ಚಿಗರೆ ಕಣ್ಣು ಅಗಲಿಸಿ ನೋಡಿದಳು.

"ಮುಚ್ಚಬೇಡ ಅಜ್ಜಿ. ಧೂಳು ಒಳಗೇ ಇದೆ."

"ಅದು ಧೂಳಲ್ಲ ಕಣೇ, ಹತ್ತಿ," ಎಂದಳು ಅಜ್ಜಿ. "ನಮ್ಮನ್ನ ಸಾಕ್ತಿರೋದೇ ಅದು."

ಚಿಗರೆ ಬೆಲ್ಟ್ ತುಂಡಾಗಿದ್ದು, ಕೆಮ್ಮು ನಿಂತಿದ್ದು, ಈಗ ಮತ್ತೆ ಬಂದಿದ್ದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅಪ್ಪ ಯಂತ್ರ ನಿಲ್ಲಿಸಿದ. ಮಗಳ ಮಾತು ಅವನಿಗೆ ನಿಜ ಅನಿಸಿತು. ಆದರೆ ಯಂತ್ರವನ್ನು ಎಲ್ಲಿಡುವುದು? ಬೀದಿಯಲ್ಲಿಟ್ಟರೆ ಪಕ್ಕದ ಬೇಕರಿಯ ಬ್ರೆಡ್ಡಿನ ಮೇಲೆಲ್ಲ ಹತ್ತಿ ಹಾರುತ್ತದೆ. ಬೇರೆ ಶೆಡ್ಡು ಬಾಡಿಗೆಗೆ ಹಿಡಿಯುವುದು ಕನಸಿನ ಮಾತು. ಇನ್ನು ತಾರಸಿಗೆ ಮನೆ ಓನರ್ ಆಂಟಿ ಬೀಗ ಹಾಕಿಟ್ಟಿದ್ದರು.

ತಾರಸಿ ಎಂಬ ಮಾತು ಕಿವಿಗೆ ಬಿದ್ದದ್ದೇ ಚಿಗರೆ ಹೊರಗೋಡಿದಳು. ಟೀಮಿನವರನ್ನೆಲ್ಲ ಕೂಡಿಸಿಕೊಂಡು, ಉದ್ದಜಡೆಯನ್ನೂ ಎಳೆದುಕೊಂಡು, ಮೇಲಿನ ಮನೆಯ ಬೆಲ್ ಒತ್ತಿದಳು. ಎಲ್ಲರೂ ಒಟ್ಟಿಗೆ ಮಾತಾಡಿದ್ದರಿಂದ ಆಂಟಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

"ರಾತ್ರಿಯೆಲ್ಲ ಕೆಳಗಿಂದ ಕೆಮ್ಮು ಕೇಳಿಸುತ್ತಲ್ಲ, ಅದು ನೀನೇನಾ?" ಎಂದು ಆಂಟಿ ಚಿಗರೆಯನ್ನು ಕೇಳಿದರು.

"ನಾನೂ ಕೆಮ್ತೀನಿ ಆಂಟಿ."

ಆಂಟಿ ಒಳಗೆ ಹೋಗಿ ಬೀಗದ ಕೈ ತಂದರು. ಮಳೆಗಾಲ ಶುರುವಾಗುವವರೆಗೆ ಮಾತ್ರ, ತಾರಸಿಯನ್ನು ದಿನಾ ಗುಡಿಸಬೇಕು ಎಂದು ಎರಡೆರಡು ಸಲ ಹೇಳಿಯೇ ಕೊಟ್ಟರು.

ಆ ಸಂಜೆ ಮೆಟ್ಟಿಲ ಮೇಲೆ ಗಲಾಟೆಯೋ ಗಲಾಟೆ. ಅಪ್ಪ ಯಂತ್ರ ಬಿಚ್ಚಿದ. ಭಾರದ ಭಾಗವನ್ನು ಅಪ್ಪನೂ ಬೇಕರಿ ಮಾಮನೂ ಏದುಸಿರು ಬಿಡುತ್ತ ಹೊತ್ತರು. ಚಕ್ರ, ಬೆಲ್ಟ್, ಹಲಗೆಗಳು ಹುಡುಗಿಯರ ಕೈಯಿಂದ ಕೈಗೆ ಮೇಲೇರಿದವು. ಉದ್ದಜಡೆ ಜಡೆ ಮರೆತು ಎಲ್ಲರಿಗಿಂತ ದೊಡ್ಡ ಹಲಗೆ ಎತ್ತಿದಳು. ಅಜ್ಜಿ ಕಿಟಕಿಯ ಸಂದಿಯಿಂದ ಹತ್ತಿ ಕೀಳುತ್ತ, ಧೂಳು ಅಂದರೆ ಯಾವ ಧೂಳು ಅಂತ ಡಾಕ್ಟರಮ್ಮ ಬಿಡಿಸಿ ಹೇಳಬೇಕಿತ್ತು ಎಂದು ಗೊಣಗಿದಳು.

ಶುಕ್ರವಾರ ಮೇಷ್ಟ್ರು ಮತ್ತೆ ಓಡಿಸಿ ನೋಡಿದರು. ಕೊನೆಯ ಓಟ ಚಿಗರೆಯದೇ ಎಂದರು.

ಶನಿವಾರ ಬ್ಯಾಟನ್ ಅವಳ ಕೈಗೆ ಬಂದಾಗ ಮುಂದೆ ಇಬ್ಬರಿದ್ದರು. ಚಿಗರೆ ಒಬ್ಬಳನ್ನು ದಾಟಿದಳು. ಹಗ್ಗದಾಚೆ ಅಪ್ಪನೂ ಅವಳ ಹೆಸರು ಕೂಗುತ್ತ ಜೊತೆಜೊತೆಗೇ ಓಡುತ್ತಿದ್ದ. ಉಸಿರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಗೆರೆಯ ಹತ್ತಿರ ಇನ್ನೊಬ್ಬಳನ್ನೂ ದಾಟಿದಳು. ಗೆಳತಿಯರು ಬಂದು ಅವಳ ಮೇಲೆ ಬಿದ್ದರು. ಯಾರ ಕೈ ಯಾವುದು, ಕಾಲು ಯಾವುದು ತಿಳಿಯಲಿಲ್ಲ.

ಆ ಗುಂಪಿನಿಂದ ಬಿಡಿಸಿಕೊಂಡು ಚಿಗರೆ ಅಪ್ಪನನ್ನು ಹುಡುಕಿದಳು. ಅವನು ಅರ್ಧ ದಾರಿಯಲ್ಲೇ ಕೂತುಬಿಟ್ಟಿದ್ದ. ಮುಖ ಕೆಂಪಾಗುವಂತೆ ಕೆಮ್ಮುತ್ತಿದ್ದ. ನೀನು ಹೋಗಿ ಕಪ್ ತಗೋ ಎಂದು ಕೈ ಬೀಸಿದ. ಚಿಗರೆ ಅವನ ಹತ್ತಿರ ಓಡಿದಳು.

"ಏನಾಯ್ತಪ್ಪಾ?"

"ಏನಿಲ್ಲ ಮಗಾ. ನಂದು ಹಳೇ ಕೆಮ್ಮು."

"ಯಾವಾಗಿಂದ?"

ಅಪ್ಪ ನೆನಪು ಮಾಡಿಕೊಂಡ. "ನಿನ್ನಷ್ಟಿದ್ದಾಗಿಂದ. ಆಗಲೇ ನಮ್ಮಪ್ಪನ ಜೊತೆ ಹತ್ತಿ ಹಿಂಜೋಕೆ ಕೂತೆನಲ್ಲ." ಆಮೇಲೆ ನಕ್ಕ. "ಅದಕ್ಕೆ ಮುಂಚೆ ನಾನೂ ಚೆನ್ನಾಗಿ ಓಡ್ತಿದ್ದೆ."

ಈ ಕೆಮ್ಮನ್ನು ಚಿಗರೆ ಹುಟ್ಟಿದಾಗಿನಿಂದ ಕೇಳಿದ್ದಳು. ಅಪ್ಪಂದಿರು ಎಂದರೆ ಹೀಗೇ ಕೆಮ್ಮುತ್ತಾರೆ ಎಂದುಕೊಂಡಿದ್ದಳು.

ಮೈಕಿನಲ್ಲಿ ಅವರ ಟೀಮನ್ನು ಕರೆಯುತ್ತಿದ್ದರು. ಗೆಳತಿಯರು ದೂರದಿಂದ ಕೂಗಿ ಕೂಗಿ ಸುಸ್ತಾದರು. ಬರ್ತೀನಿ ಇರ್ರೇ ಎಂದು ಕೂಗಿ ಹೇಳಿ, ಚಿಗರೆ ಅಪ್ಪನ ಪಕ್ಕ ಹುಲ್ಲಿನ ಮೇಲೆ ಕೂತಳು. ಬೆನ್ನಿನ ಮೇಲೆ ಕೈಯಿಟ್ಟು, ಅವನ ಉಸಿರು ಸರಿಹೋಗುವವರೆಗೆ ಕಾದಳು. ಆಮೇಲೆ ಅವನನ್ನು ಎಬ್ಬಿಸಿ, ಅವನು ನಡೆದಷ್ಟೇ ನಿಧಾನವಾಗಿ ತಾನೂ ನಡೆದಳು.