ಕಿತ್ತಳೆ ಬಾವುಟದ ಕೆಳಗೆ

ಹುಣಸೆಹಣ್ಣು ಮತ್ತು ಒದ್ದೆ ಮಣ್ಣು ಬೆರೆತ ವಾಸನೆ ಎಲ್ಲಿ ಬಂದರೂ ಸತ್ಯನಾರಾಯಣನಿಗೆ ಅಪ್ಪನ ನೆನಪಾಗುತ್ತಿತ್ತು. ಅಪ್ಪ ಮೈಸೂರಿನ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಗುಮಾಸ್ತ. ಹೊಲದಲ್ಲೋ ಪಾಯದಲ್ಲೋ ಸಿಕ್ಕ ಹಳೆಯ ನಾಣ್ಯ, ಗಂಟೆ, ದೀಪಗಳನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಕೆತ್ತನೆಯ ಸಂದಿಯಲ್ಲಿ ಕೂತ ಮಣ್ಣನ್ನು, ಕಿವಿಯ ಗುಗ್ಗೆ ತೆಗೆಯುವಂಥ ಬೆಳ್ಳಿಯ ಗುಗ್ಗೆಕಡ್ಡಿಯಿಂದ ಮೆಲ್ಲಗೆ ಬಿಡಿಸಿ, ಇದು ಇಂಥದ್ದು ಎಂದು ಚೀಟಿ ಬರೆಯುವುದು ಅವರ ಕೆಲಸ. ಮೂವತ್ತು ವರ್ಷ ಬರೆದರು. ಯಾವ ಚೀಟಿಯಲ್ಲೂ ಅವರ ಹೆಸರಿರಲಿಲ್ಲ. ಅವರು ಬಿಟ್ಟುಹೋದದ್ದರಲ್ಲಿ ಆ ಗುಗ್ಗೆಕಡ್ಡಿಯೊಂದು ಮಗನ ಪಾಲಿಗೆ ಬಂತು. ಈಗ ಅಮೆರಿಕದ ಪ್ಲೇನ್‌ಫೀಲ್ಡಿನಲ್ಲಿ, ಅವನ ಅರವತ್ತೆಂಟನೆಯ ವಯಸ್ಸಿನಲ್ಲಿ, ಕಪ್ಪು ದಾರ ಕಟ್ಟಿಕೊಂಡು ಅವನ ಬೀಗದಕೈ ಗೊಂಚಲಿಗೆ ನೇತಾಡುತ್ತಿತ್ತು.

ಅಪ್ಪನ ಕೆಲಸವೂ ಹಾಗೆಯೇ ಅವನ ಪಾಲಿಗೆ ಬಂದಿತ್ತು. ಮೆಟಲ್ ಡಿಟೆಕ್ಟರ್ ಹಿಡಿದು ಹೊಲ, ಪಾರ್ಕು, ಹಿತ್ತಿಲು ಸುತ್ತುವ ಹವ್ಯಾಸಿಗಳು ತಮಗೆ ಸಿಕ್ಕ ಗುರುತು ಸಿಗದ ಚೂರುಗಳನ್ನು ಹಳೆಯ ಮೊಸರಿನ ಡಬ್ಬಿಗಳಲ್ಲಿ ತುಂಬಿಕೊಂಡು ಅವನಲ್ಲಿಗೆ ಬರುತ್ತಿದ್ದರು. ಎತ್ತಿನ ಲಾಳ, ಹಿಟ್ಟಿನ ಚೀಲದ ಸೀಸದ ಮುದ್ರೆ, ಸೈನಿಕನ ಕೋಟಿನ ಗುಂಡಿ. ಅವನು ಗುಗ್ಗೆಕಡ್ಡಿಯಿಂದ ಮಣ್ಣು ಬಿಡಿಸಿ ಹೆಸರು ಹೇಳುತ್ತಿದ್ದ. ಅವರು ಥ್ಯಾಂಕ್ಸ್ ಹೇಳಿ ಹೋಗುತ್ತಿದ್ದರು. ಆಮೇಲೆ ಕೌಂಟಿ ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿ ಅವನು ಹೇಳಿಕೊಟ್ಟ ವಾಕ್ಯವೇ ಇರುತ್ತಿತ್ತು, ಕೆಳಗೆ 'ಕಂಡುಹಿಡಿದವರು' ಎಂದು ಬೇರೆ ಯಾರದೋ ಹೆಸರು. ಅವನ ಸ್ವಂತ ಡಿಟೆಕ್ಟರಿಗೆ ಹನ್ನೊಂದು ವರ್ಷಗಳಲ್ಲಿ ಸಿಕ್ಕಿದ್ದು ಕೋಕ್ ಡಬ್ಬಿಗಳ ಮುಚ್ಚಳದ ಕಿವಿಗಳು. ಸಾಕಾಗಿತ್ತು. ಸಿಟ್ಟು ಮಾಡಿಕೊಳ್ಳುವಷ್ಟು ಶಕ್ತಿಯೂ ಉಳಿಯದಷ್ಟು ಸಾಕಾಗಿತ್ತು.

ಶಂಕರ್ ಅವನ ಗೆಳೆಯ, ಎರಡು ಬೀದಿ ಆಚೆಯವನು. ಡಿಟೆಕ್ಟರ್ ಹಿಡಿಯುವುದನ್ನು ಅವನಿಗೆ ಕಲಿಸಿದ್ದೇ ಸತ್ಯನಾರಾಯಣ. ಗುಂಡಿ ಮುಚ್ಚುವ ಮೊದಲು ಗುಂಡಿಯನ್ನೂ ನೋಡು, ತೆಗೆದ ಮಣ್ಣಿನ ಗುಡ್ಡೆಯನ್ನೂ ನೋಡು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದ. ಹೋದ ಅಕ್ಟೋಬರಿನಲ್ಲಿ ಶಂಕರ್ ತನ್ನ ಹಿತ್ತಿಲಿನ ಓಕ್ ಮರದ ಕೆಳಗೆ ಸಿಕ್ಕ ಮೂರು ವಸ್ತುಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದ.

"ಏನಯ್ಯಾ ಪಂಡಿತ, ಇವಕ್ಕೇನು ನಾಮಕರಣ?"

ಒಂದು ಸೀಸದ ಗುಂಡು, ಒಂದು ನೀಲಿ ಮಣಿ, ಒಂದು ಪುಟ್ಟ ಬೆಳ್ಳಿಯ ಬಳೆ. ಸತ್ಯನಾರಾಯಣ ನೋಡಿದ ತಕ್ಷಣ ತಿಳಿದುಕೊಂಡ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಪ್ರಾಣಿಗಳ ತುಪ್ಪುಳದ ಚರ್ಮ ಕೊಳ್ಳಲು ಬಂದ ವ್ಯಾಪಾರಿಗಳು ಇಲ್ಲಿನ ಮೂಲನಿವಾಸಿಗಳ ಜೊತೆ ವಿನಿಮಯ ಮಾಡುತ್ತಿದ್ದ ಸರಕು ಅದು. ಆ ಮರದ ಕೆಳಗೆ ಅವರ ಬಿಡಾರವಿತ್ತು.

"ಮೀನು ಹಿಡಿಯೋ ಗಾಳದ ಭಾರ. ಮಕ್ಕಳ ಮಣಿ. ಇದು ಪರದೆ ನೇತುಹಾಕೋ ಬಳೆ," ಎಂದ. ಏಕೆ ಹಾಗೆಂದೆನೆಂದು ಅವನಿಗೇ ಆ ಕ್ಷಣ ತಿಳಿಯಲಿಲ್ಲ.

"ನನ್ನ ಹಣೆಬರಹಾನೇ ಪರದೆ ಕಣಯ್ಯಾ, ಸರಿಸಿದ್ರೆ ಹಿಂದೆ ಇನ್ನೊಂದು ಪರದೆ," ಎಂದು ಶಂಕರ್ ನಕ್ಕ. ಅವನ ಹೆಂಡತಿ ಭಾನು ಇಬ್ಬರಿಗೂ ಕಾಫಿ ತಂದಿಟ್ಟು, ಸತ್ಯನಾರಾಯಣನ ಗುಗ್ಗೆಕಡ್ಡಿ ಒರೆಸಿಕೊಳ್ಳಲು ಒಂದು ಹಳೆಯ ಬಟ್ಟೆಯನ್ನೂ ಪಕ್ಕಕ್ಕಿಟ್ಟಳು. ಯಾವಾಗಲೂ ಇಡುತ್ತಿದ್ದಳು.

ನವೆಂಬರಿನಲ್ಲಿ ಅದೇ ಮರದ ಕೆಳಗೆ ಡಿಟೆಕ್ಟರ್ ಮತ್ತೆ ಕೂಗಿತು. ಎಂಟು ಇಂಚು ಆಳ, ಅಂಗೈ ಅಗಲ, ಡಿಟೆಕ್ಟರಿನ ಸ್ಕ್ರೀನಿನ ಮೇಲೆ ಎಂಬತ್ತೈದು. ಬೆಳ್ಳಿಗೆ ಬರುವ ಅಂಕಿ. ಅಷ್ಟರಲ್ಲಿ ನೆಲ ಹೆಪ್ಪುಗಟ್ಟಿತ್ತು. ಶಂಕರ್ ಆ ಜಾಗದಲ್ಲಿ ಒಂದು ಪುಟ್ಟ ಕಿತ್ತಳೆ ಬಾವುಟ ಚುಚ್ಚಿ, ಅಂಕಿ ಬರೆದಿಟ್ಟು, ವಸಂತಕ್ಕೆ ನೋಡೋಣವೆಂದ. ಜನವರಿಯಲ್ಲಿ ಹೃದಯಾಘಾತವಾಗಿ ತೀರಿಕೊಂಡ. ಬಾವುಟ ಹಿಮದಡಿ ಮುಚ್ಚಿತು, ಮಾರ್ಚಿನಲ್ಲಿ ಮತ್ತೆ ತಲೆಯೆತ್ತಿತು.

"ಅದನ್ನ ತನಿಷಾನೇ ಅಗೀಲಿ ಅಂತಿದೀನಿ," ಎಂದಳು ಭಾನು. ತನಿಷಾ ಅವರ ಮಗಳು, ದೂರದ ಟ್ರಾಯ್ ಊರಿನಲ್ಲಿ ಫಿಸಿಯೋಥೆರಪಿಸ್ಟ್. "ಅವರು ಕೊನೆಗೆ ಹುಡುಕಿದ್ದು ಅಲ್ವಾ? ಏನೇ ಇರ್ಲಿ, ತುಕ್ಕು ಹಿಡಿದ ಮೊಳೆ ಆದ್ರೂ ಸರಿ. ನಾನು ಹತ್ತು ದಿನ ಅವಳ ಹತ್ರ ಇದ್ದು, ಅವಳನ್ನ ಕರ್ಕೊಂಡೇ ಬರ್ತೀನಿ. ಗಿಡಕ್ಕೆ ನೀರು ಹಾಕ್ತೀರಾ?" ಎಂದು ಮನೆಯ ಬೀಗದಕೈ ಕೊಟ್ಟಳು. ಫ್ರೀಜರಿನಲ್ಲಿ ಅವನಿಗೆಂದು ಸಾರು, ಪಲ್ಯ ಹೆಸರು ಬರೆದಿಟ್ಟು ಹೋದಳು. ಅವನ ಹೆಂಡತಿ ಶಾರದ ತೀರಿಹೋದ ಮೇಲೆ ಪ್ರತಿ ಶನಿವಾರ ಊಟ ಬರುತ್ತಿದ್ದುದು ಆ ಮನೆಯಿಂದಲೇ.

ಯೋಜನೆ ಮಾಡಲು ಹೆಚ್ಚು ಕಷ್ಟವಾಗಲಿಲ್ಲ. ಕಳ್ಳ ಕದ್ದುಮುಚ್ಚಿ ಬರುತ್ತಾನೆ. ಅವನು ಮಟಮಟ ಮಧ್ಯಾಹ್ನ, ಕೈಯಲ್ಲಿ ಬೀಗದಕೈ ಹಿಡಿದು, ಪಕ್ಕದ ಮನೆಯವರಿಗೆ ಕೈಬೀಸಿ ಒಳಗೆ ಹೋಗಬಹುದಿತ್ತು. ಬಾವುಟದ ಕೆಳಗಿರುವುದನ್ನು ತೆಗೆದು, ಅಲ್ಲಿ ತನ್ನ ಪೆಟ್ಟಿಗೆಯಲ್ಲಿದ್ದ ಕುದುರೆಗೆ ಬಿಗಿಯುವ ಪಟ್ಟಿಯ ಹಿತ್ತಾಳೆ ಬಿಲ್ಲೆಯೊಂದನ್ನು ಇಟ್ಟರೆ ಸಾಕು. ತನಿಷಾಗೆ ಏನೋ ಒಂದು ಸಿಗುತ್ತದೆ. ಅದೇನೆಂದು ಹೇಳಲು ಅವನನ್ನೇ ಕರೆಯುತ್ತಾರೆ. ಅವನು ಚೆನ್ನಾಗಿಯೇ ಹೇಳುತ್ತಾನೆ. ತಿಂಗಳೊಪ್ಪತ್ತು ಬಿಟ್ಟು, ನದಿ ಬದಿಯ ಹೊಲವೊಂದರಲ್ಲಿ, ರೈತನ ಒಪ್ಪಿಗೆ ಪತ್ರದೊಂದಿಗೆ, ಅವನಿಗೂ ಒಂದು ವಸ್ತು 'ಸಿಗುತ್ತದೆ'. ಮಾರುವ ಆಸೆ ಅವನಿಗಿರಲಿಲ್ಲ. ಗಾಜಿನ ಪೆಟ್ಟಿಗೆಯ ಒಂದು ಚೀಟಿ, ಅದರ ಕೆಳಗೆ ಒಂದು ಹೆಸರು, ಅಷ್ಟೇ. ಯಾರಿಗೂ ನಷ್ಟವಿಲ್ಲವೆಂದು ತನಗೆ ತಾನೇ ಹೇಳಿಕೊಂಡ. ಮೊಳೆಯಾದರೂ ಸರಿ ಎಂದು ಅವಳೇ ಹೇಳಿದ್ದಳಲ್ಲ.

ಬುಧವಾರ ಹೊರಗೆ ಅರವತ್ತು ಡಿಗ್ರಿ ಫ್ಯಾರನ್‌ಹೀಟ್, ಮಣ್ಣು ಮೆತ್ತಗಿತ್ತು. ಬಾವುಟ ಕಿತ್ತು ಪಕ್ಕಕ್ಕಿಟ್ಟ. ಹುಲ್ಲಿನ ಮೂರು ಬದಿ ಕೊಯ್ದು ಪುಸ್ತಕದ ರಟ್ಟಿನಂತೆ ಮಗುಚಿದ. ಮಣ್ಣನ್ನೆಲ್ಲ ಪ್ಲಾಸ್ಟಿಕ್ ಹಾಳೆಯ ಮೇಲೆ ಗುಡ್ಡೆ ಹಾಕಿದ, ಒಂದು ಕಾಳೂ ಹುಲ್ಲಿಗೆ ಬೀಳಲಿಲ್ಲ. ಎಂಟು ಇಂಚಿಗೆ ಕೈಗೆ ತಗುಲಿತು. ಅರ್ಧಚಂದ್ರಾಕಾರದ ಬೆಳ್ಳಿಯ ತಗಡು, ಎರಡು ತುದಿಗೆ ಎರಡು ತೂತು. ನಾಯಕನೊಬ್ಬನ ಕೊರಳಿಗೆ ವ್ಯಾಪಾರಿಗಳು ತೊಡಿಸಿದ್ದ ಪದಕ. ಒಂದು ಮೂಲೆಯಲ್ಲಿ ಅಕ್ಕಸಾಲಿಗನ ಮುದ್ರೆಯಿದ್ದಂತಿತ್ತು. ಮನೆಗೆ ಹೋಗಿ ನೋಡಬೇಕೆಂದುಕೊಂಡ, ಆಗಲಿಲ್ಲ. ಗೊಂಚಲಿನಿಂದ ಗುಗ್ಗೆಕಡ್ಡಿ ಬಿಚ್ಚಿ, ಮಂಡಿಯೂರಿ ಕೂತು, ಸಂದಿಯ ಮಣ್ಣು ಬಿಡಿಸಿದ. ಎರಡು ಅಕ್ಷರಗಳು ಒಂದೊಂದಾಗಿ ಕಣ್ಣುಬಿಟ್ಟವು. ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಂತು. ಕಣ್ಣು ಮಂಜಾಯಿತು.

ಪಕ್ಕದ ಹಿತ್ತಿಲಲ್ಲಿ ನಾಯಿ ಬೊಗಳಿತು. ಪದಕವನ್ನು ಎದೆಯ ಜೇಬಿಗಿಳಿಸಿ, ಗುಂಡಿಯ ತಳದಲ್ಲಿ ಹಿತ್ತಾಳೆ ಬಿಲ್ಲೆ ಇಟ್ಟು, ಹಾಳೆಯ ಮಣ್ಣನ್ನೆಲ್ಲ ಒಂದೇ ಸಲ ಸುರಿದು ತುಳಿದ. ಹುಲ್ಲು ಮುಚ್ಚಿ ನೀರು ಹಾಕಿ, ಬಾವುಟವನ್ನು ಅದೇ ತೂತಿಗೆ ಚುಚ್ಚಿದ. ಕೊನೆಗೆ ಡಿಟೆಕ್ಟರ್ ಆಡಿಸಿದ. ಎಂಬತ್ತನಾಲ್ಕು. ಹಿತ್ತಾಳೆಗೆ ಎಪ್ಪತ್ತರ ಮೇಲೆ ಬರುವುದು ಅಪರೂಪ. ಶಂಕರ್ ಬರೆದಿಟ್ಟ ಅಂಕಿಗೆ ಒಂದೇ ಕಡಿಮೆ. ಮಂಡಿ ನೋಯುತ್ತಿತ್ತು. ಜೀವನದಲ್ಲಿ ಒಮ್ಮೆಯಾದರೂ ಅದೃಷ್ಟ ತನ್ನ ಕಡೆಗಿದೆಯೆಂದುಕೊಂಡು ಮನೆಗೆ ಹೋದ.

ಭಾನು ಮತ್ತು ತನಿಷಾ ಶುಕ್ರವಾರ ಸಂಜೆ ಬಂದರು. ಶನಿವಾರ ಮಧ್ಯಾಹ್ನ ಅಗೆಯುವುದೆಂದು ಫೋನಿನಲ್ಲಿ ನಿಗದಿಯಾಗಿತ್ತು. "ವಿ ವಿಲ್ ವೇಟ್ ಫಾರ್ ಯು, ಅಂಕಲ್," ಎಂದಿದ್ದಳು ತನಿಷಾ. ಆದರೆ ಹನ್ನೊಂದು ಗಂಟೆಗೆ ಭಾನು ಒಬ್ಬಳೇ, ಬಟ್ಟೆಯ ಚೀಲ ಹಿಡಿದು ಬಾಗಿಲಿಗೆ ಬಂದಳು.

"ಬೆಳಿಗ್ಗೇನೇ ಅಗೆದುಬಿಟ್ಲು. ಕಾಯೋಕೆ ಆಗ್ಲಿಲ್ಲ ಅವಳಿಗೆ. ಅಪ್ಪನ ಹಾಗೇ."

"ಒಳ್ಳೇದೇ ಆಯ್ತು ಬಿಡಿ. ಏನು ಸಿಕ್ತು?"

ಅವಳು ಕಾಗದ ಬಿಚ್ಚಿ ಹಿತ್ತಾಳೆ ಬಿಲ್ಲೆಯನ್ನು ಮೇಜಿನ ಮೇಲಿಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಹುಬ್ಬೇರಿಸಿದ. ಈ ಜಾಗವೆಲ್ಲ ಜೋಳದ ಹೊಲವಾಗಿದ್ದ ಕಾಲದ ಬಗ್ಗೆ, ಬಂಡಿಗಳ ಬಗ್ಗೆ, ಭಾನುವಾರ ಚರ್ಚಿಗೆ ಹೋಗುವಾಗ ಕುದುರೆಗೆ ಇಂಥ ಬಿಲ್ಲೆ ತೊಡಿಸುತ್ತಿದ್ದ ರೈತರ ಬಗ್ಗೆ ಹೇಳಿದ. ಶಂಕರ್ ಇದ್ದಿದ್ದರೆ ಎಷ್ಟು ಹೆಮ್ಮೆಪಡುತ್ತಿದ್ದ ಎಂದೂ ಹೇಳಿದ. ಅವನು ಮುಗಿಸುವವರೆಗೆ ಭಾನು ಅವನ ಮುಖವನ್ನೇ ನೋಡುತ್ತಿದ್ದಳು, ಜ್ವರ ಬಂದವರನ್ನು ನೋಡುವ ಹಾಗೆ.

"ಗುಂಡಿ ಒಂದೇ ನೋಡಿದ್ರೆ ಸಾಲದು, ಮಣ್ಣಿನ ಗುಡ್ಡೇನೂ ನೋಡ್ಬೇಕು ಅಂತ ನೀವು ಅವರಿಗೆ ಹೇಳಿದ್ರಂತೆ. ಅವರು ಮಗಳಿಗೆ ಹೇಳಿದ್ರಂತೆ," ಎಂದಳು ಭಾನು. "ಗುಡ್ಡೇಲೂ ಒಂದು ಸಿಕ್ತು. ಏನಿದು ಅಮ್ಮಾ ಅಂತ ಕೇಳಿದ್ಲು. ಗೊತ್ತಿಲ್ಲ ಅಂದೆ." ಅವಳು ಇನ್ನೊಂದು ಕಾಗದ ಬಿಚ್ಚಿದಳು. ಬೆಳ್ಳಿಯ ಗುಗ್ಗೆಕಡ್ಡಿ, ಮಣ್ಣು ತೊಳೆದು ಒರೆಸಿದ್ದು, ಕಪ್ಪು ದಾರ ಇನ್ನೂ ಒದ್ದೆ. ಸತ್ಯನಾರಾಯಣನ ಕೈ ತಾನಾಗಿಯೇ ಜೇಬಿನ ಬೀಗದಕೈ ಗೊಂಚಲಿಗೆ ಹೋಗಿ, ಅಲ್ಲಿ ಏನೂ ಇಲ್ಲದ ಕೊಂಡಿಯನ್ನು ಮುಟ್ಟಿ ನಿಂತಿತು. "ಇದೊಂದನ್ನ ಮಾತ್ರ ಗುರುತಿಸೋಕೆ ನೀವು ಬೇಕಾಗಲಿಲ್ಲ," ಎಂದಳು ಅವಳು, ದನಿ ಏರಿಸದೆ. ಆಮೇಲೆ, ಇವತ್ತು ಶನಿವಾರವಾದ್ದರಿಂದ, ಚೀಲದಿಂದ ಬಿಸಿ ಡಬ್ಬಿ ತೆಗೆದು, ಕೈ ಸುಡದಂತೆ ಅದಕ್ಕೆ ಟವೆಲ್ ಸುತ್ತಿ, ಅವನ ಇನ್ನೊಂದು ಕೈಗೆ ಕೊಟ್ಟಳು.