ಅರವತ್ತೆರಡನೇ ಪ್ರಶ್ನೆ

ಸರಿ ಉತ್ತರಕ್ಕೆ ಒಂದು ಅಂಕ. ತಪ್ಪಿದರೆ ಕಾಲು ಅಂಕ ಕಡಿತ. ಅರವತ್ತೆರಡನೇ ಪ್ರಶ್ನೆ ಒಂದರಲ್ಲೇ ಅಮೃತಾ ಕಳೆದುಕೊಂಡದ್ದು ಒಂದೂಕಾಲು ಅಂಕ. ಸರ್ಕಾರಿ ಕೆಲಸ ಕೈತಪ್ಪಿದ್ದು ಬರೀ ಒಂದೇ ಅಂಕದಲ್ಲಿ!

ಆ ತಪ್ಪು ಉತ್ತರವನ್ನು ಅವಳು ಕಲಿತದ್ದು ಕೂಡ್ಲಿಗಿಯ ಗ್ರಂಥಾಲಯದ ಪ್ರಶ್ನೆಪುಸ್ತಕದಿಂದ. ಯಾರೋ ಪೆನ್ಸಿಲ್ಲಿನಲ್ಲಿ ಉತ್ತರ ಗುರುತಿಸಿ, ಅಳಿಸದೆ ಬಿಟ್ಟಿದ್ದರು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದಿತ್ತು.

ಇವತ್ತು ಆ ಪುಸ್ತಕ ಎದುರು ಬೆಂಚಿನ ಹುಡುಗ ಹಂಪೇಶನ ಕೈಯಲ್ಲಿತ್ತು. ಪಕ್ಕದಲ್ಲಿ ರಬ್ಬರು.

"ಈ ಗುರುತು ಯಾರ್ದು?" ಅಮೃತಾ ಕೇಳಿದಳು.

"ನಂದೇ ರೀ."

"ಬೇಕಂತನ ತಪ್ಪು ಹಾಕಿಟ್ಟೀರೇನು? ಉಳಿದೋರು ಹಾಳಾಗ್ಲಿ ಅಂತ?"

ಅವನು ತಲೆ ತಗ್ಗಿಸಿದ. "ಅಳಿಸಬೇಕಿತ್ತು... ತಪ್ಪಾತ್ರಿ."

ಎಂಥಾ ಮನುಷ್ಯ...! ಅವಳ ಕಣ್ಣು ತುಂಬಿ ಬಂತು.

ಮರುದಿನದಿಂದ ಅವನು ದೂರದ ಬೆಂಚಿಗೆ ಹೋದ. ದಿನಾ ಓದು ಮುಗಿಸಿ, ಒಂದೊಂದೇ ಪುಸ್ತಕ ತೆಗೆದು, ಕಂಡವರು ಹಾಕಿದ ಗುರುತನ್ನೆಲ್ಲ ಅಳಿಸುತ್ತ ಕೂರುತ್ತಿದ್ದ.

"ರಬ್ಬರ್ ಸಾಹೇಬ್ರು ಬಂದ್ರು ನೋಡವ್ವಾ!" ಗ್ರಂಥಾಲಯದ ಗೀತಮ್ಮ ನಗುತ್ತಿದ್ದರು.

ಅಮೃತಾ ನಗುತ್ತಿರಲಿಲ್ಲ. ಆದರೆ... ಕಣ್ಣು ಮಾತ್ರ ಆ ಬೆಂಚಿನ ಕಡೆಗೇ ಹೋಗುತ್ತಿತ್ತು.

ತಿಂಗಳಾದ ಮೇಲೆ ಅದೇ ಪುಸ್ತಕ ತೆರೆದಾಗ ನಡುವೆ ಮಡಚಿದ ಹಾಳೆಯೊಂದು ಸಿಕ್ಕಿತು. ಉತ್ತರಪತ್ರಿಕೆಯ ಕಾರ್ಬನ್ ಪ್ರತಿ. ಅವಳು ಬರೆದ ಪರೀಕ್ಷೆಯದೇ. ಮೇಲೆ ಹಂಪೇಶನ ಹೆಸರು. ಅರವತ್ತೆರಡನೇ ಸಾಲಿನಲ್ಲಿ ಅದೇ ತಪ್ಪು ಉತ್ತರದ ವೃತ್ತಕ್ಕೆ ಶಾಯಿ ತುಂಬಿತ್ತು!

ಅಂದರೆ... ಅವನೂ ಅದನ್ನೇ ಸರಿ ಅಂತ ನಂಬಿದ್ದನಾ?

ಅವಳು ನೇರ ಅವನೆದುರು ಹೋಗಿ ಕುಳಿತಳು.

"ನಿಮ್ದೂ ಕೆಲಸ ಹೋತೇನು?"

"ಹೂಂ ರೀ."

"ಅವತ್ತೇ ಯಾಕ ಹೇಳ್ಲಿಲ್ಲ?"

"ನಂದೂ ಹೋತು ಅಂದಿದ್ರ ನಿಮ್ದು ತಿರುಗಿ ಬರ್ತಿತ್ತೇನ್ರಿ?"

ಅವಳು ಆ ಪ್ರಶ್ನೆಯ ಪುಟ ತೆರೆದಳು. ಪುಸ್ತಕವನ್ನು ಅವನತ್ತ ಸರಿಸಿದಳು.

"ಶಿ ಸಿಂಗ್ಸ್... ಮುಂದಿನ ಖಾಲಿ ಜಾಗಕ್ಕ ಗುಡ್ ಅಂತ ಯಾಕ ಹಾಕಿದ್ರಿ?"

"ಚಲೋ ಹಾಡ್ತಾಳ ಅಂತ ಅಲ್ಲೇನ್ರಿ?"

"ಇಬ್ರೂ ಅಲ್ಲೇ ಎಡವಿದ್ವಿ. ನಾವು ಚಲೋ ಹುಡುಗಿ ಅಂತೀವಿ, ಚಲೋ ಹಾಡ್ತಾಳ ಅಂತೀವಿ. ಇಂಗ್ಲಿಷ್‌ನ್ಯಾಗ ಹುಡುಗಿ ಎಂಥಾಕಿ ಅನ್ನಾಕ ಗುಡ್, ಹೆಂಗ ಹಾಡ್ತಾಳ ಅನ್ನಾಕ ವೆಲ್."

ಅವನು ಬರೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ, "ಮುಂದಿನ ಪರೀಕ್ಷಿಗೆ ಕೂಡಿ ಓದೋಣೇನ್ರಿ?"

"ಪರೀಕ್ಷಿ ಮುಗಿದ ಮ್ಯಾಲೆ?"

ಅವನ ಕೈಯಿಂದ ರಬ್ಬರು ಜಾರಿ ಬಿತ್ತು.

"ಮುಗಿದ ಮ್ಯಾಲೂ ಕೂಡೇ ಇರಬೇಕಂತ ಆಸಿ ಐತ್ರಿ... ನಿಮ್ಮಪ್ಪಾರ್ನ ಕೇಳಲೇನ್ರಿ?"

ಅವಳು ಬಗ್ಗಿ ರಬ್ಬರು ಎತ್ತಿ ಅವನ ಅಂಗೈಯಲ್ಲಿಟ್ಟಳು.

"ಐದೂವರಿಗೆ ನಮ್ಮೂರು ಕಾನಹೊಸಹಳ್ಳಿಗೆ ಬಸ್ಸೈತಿ. ಅಪ್ಪ ಮನ್ಯಾಗ ಅದಾರ."

"ಇವತ್ತಾ...?!"

"ಅವತ್ತು ಬೈದಾಕಿ ನಾನ ಕರಿಯಾಕತ್ತೀನಿ. ಸುಮ್ನ ಬರ್ರಿ."

ಹೋದ ಕೆಲಸ ತಿರುಗಿ ಬರಲಿಲ್ಲ. ಆದರೆ ಅಂದು ಸಂಜೆ ಬಸ್ಸಿನಲ್ಲಿ ಅಮೃತಾಳ ಪಕ್ಕದ ಸೀಟು ಖಾಲಿ ಇರಲಿಲ್ಲ.