ಹೇಳದೆ ಬೆರೆಸಿದ ಔಷಧ

ಬೆಳಗಿನ ಚಹಾ ತಂದ ಆಯಾ ಕಿಟಕಿ ಪಕ್ಕದ ಹಾಸಿಗೆಯವರನ್ನು ಎರಡು ಸಲ ಕರೆದಳು. ಅವರು ಏಳಲಿಲ್ಲ. ಹಿಂದಿನ ದಿನ ಬೆಳಿಗ್ಗೆ ಹರ್ನಿಯಾ ಆಪರೇಷನ್ ಆಗಿದ್ದ ಗಡಿಯಾರ ರಿಪೇರಿಯವರು. ನಿದ್ದೆಯಲ್ಲೇ ಉಸಿರು ನಿಂತಿತ್ತು. ಅವರ ಕಡೆಯವರು ಅಂತ ಅಳಲು ಒಬ್ಬರೂ ಇರಲಿಲ್ಲ.

ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಅಪರಾಧಿಯೂ ಸಿದ್ಧ. ರಾತ್ರಿ ಪಾಳಿಯ ನರ್ಸ್. ಅವಳ ಟ್ರೇಯಲ್ಲಿ ನೋವು ಮರೆಸುವ ಮಾರ್ಫಿನ್‌ನ ಒಡೆದ ಗಾಜಿನ ಆಂಪೂಲ್ ಸಿಕ್ಕಿತ್ತು.

"ನೋವು ಅಂತ ಗೋಳಾಡಿರ್ತಾರೆ. ಕಾಟ ತಪ್ಪಲಿ ಅಂತ ಜಾಸ್ತಿ ಚುಚ್ಚಿದ್ದಾಳೆ," ಎಂದರು ಅರಿವಳಿಕೆ ಡಾಕ್ಟರ್.

"ಆಂಪೂಲ್ ಸಿಕ್ಕಿದ್ದು ಯಾರಿಗೆ?"

"ನನಗೇ."

ಇಷ್ಟು ಸಲೀಸಾಗಿ ಸಿಕ್ಕ ಸಾಕ್ಷ್ಯ ಕಂಡರೆ ಇನ್‌ಸ್ಪೆಕ್ಟರ್‌ಗೆ ಮೈ ಉರಿಯುತ್ತಿತ್ತು.

* * *

"ನಾನು ಸೂಜಿ ಮುಟ್ಟಿಲ್ಲ ಸಾರ್. ಸಂಜೆ ನಾನು ಪಾಳಿಗೆ ಬಂದಾಗಿಂದ ಅವರು ಒಂದು ಮಾತ್ರೆನೂ ಕೇಳ್ಲಿಲ್ಲ," ಎಂದಳು ನರ್ಸ್.

"ಅದಕ್ಕೆ ಸಾಕ್ಷಿ?"

"ವಾರ್ಡಿಗೆಲ್ಲ ನಾನೊಬ್ಬಳೇ."

ಕೆಲಸ ಹೋಗುವುದಿರಲಿ, ಹುಡುಗಿ ಜೈಲು ಪಾಲಾಗುವುದರಲ್ಲಿದ್ದಳು.

* * *

ಪಕ್ಕದ ಹಾಸಿಗೆಯಲ್ಲಿ ಕಾಲು ಮುರಿದ ಪೇಂಟರ್.

"ಕಾಲಿನ ಜೋಮು ಇಳಿದ ಮೇಲೂ ನರಳಲೇ ಇಲ್ಲ ಸಾರ್, ಪುಣ್ಯಾತ್ಮ. ಮಧ್ಯಾಹ್ನದಿಂದ ಮೂಗು ಮಾತ್ರ ಕೆರೆದೂ ಕೆರೆದೂ ಕೆಂಪಾಗಿತ್ತು. ಬಿಕ್ಕಳಿಕೆ ಬಂದ್ರೆ ಯಾರೋ ನೆನೆಸ್ಕೊಂಡ್ರು ಅಂತಾರೆ, ಮೂಗು ಕೆರೆದ್ರೆ ಏನು ಅಂತ ರೇಗಿಸಿದೆ. 'ನನ್ನನ್ನ ನೆನೆಸ್ಕೊಳ್ಳೋರು ಯಾರಪ್ಪಾ' ಅಂದ್ರು."

ಇನ್‌ಸ್ಪೆಕ್ಟರ್ ತಟ್ಟನೆ ಎದ್ದರು.

* * *

"ಡಾಕ್ಟ್ರೇ, ನೀವು ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನ ಜೋಮು ಮಧ್ಯಾಹ್ನಕ್ಕೇ ಇಳಿದಿತ್ತು. ಆದರೂ ನೋವಿಲ್ಲ. ಮೇಲೆ ತುರಿಕೆ. ನನ್ನ ಹೆಂಡತಿಗೂ ಆಪರೇಷನ್ ಆದಾಗ ಹೀಗೇ ಆಗಿತ್ತು. ಬೆನ್ನಿನ ಔಷಧಕ್ಕೆ ಚೂರು ಮಾರ್ಫಿನ್ ಬೆರೆಸಿದ್ರೆ ದಿನವಿಡೀ ನೋವಿರಲ್ಲ, ಆದ್ರೆ ಮೂಗು ತುರಿಸುತ್ತೆ, ಎಷ್ಟೋ ಹೊತ್ತಾದ ಮೇಲೂ ಉಸಿರು ಕುಗ್ಗಬಹುದು, ನೋಡ್ತಿರಿ ಅಂದಿದ್ರು ಅವತ್ತಿನ ಡಾಕ್ಟ್ರು. ರಾತ್ರಿಯೆಲ್ಲ ನೋಡ್ತಾ ಕೂತಿದ್ದೆ." ಆ ಹೆಂಡತಿ ಈಗಿಲ್ಲ ಎಂಬುದನ್ನು ಅವರು ಹೇಳಲಿಲ್ಲ. "ತುರಿಕೆ ಶುರುವಾದಾಗ ಈ ಹುಡುಗಿ ಪಾಳಿಗೇ ಬಂದಿರ್ಲಿಲ್ಲ. ಅಂದ್ಮೇಲೆ ಬೆರೆಸಿದ್ದು ನೀವು."

ಡಾಕ್ಟರ್ ಮುಖ ಬಿಳಿಚಿತು. "ನೋವಾಗದಿರ್ಲಿ ಅಂತಲೇ ಸೇರಿಸಿದ್ದು. ವಾರ್ಡಿಗೆ ಹೇಳೋದು ಮರೆತುಬಿಟ್ಟೆ."

"ಆಪರೇಷನ್ ಥಿಯೇಟರಿನ ಖಾಲಿ ಆಂಪೂಲ್ ತಂದು ಇವಳ ಟ್ರೇಯಲ್ಲಿ ಇಡೋದನ್ನ ಮರೀಲಿಲ್ಲ. ನಡೀರಿ."

ನರ್ಸ್ ಅಳುತ್ತಾಳೆ ಎಂದುಕೊಂಡಿದ್ದರು ಇನ್‌ಸ್ಪೆಕ್ಟರ್. ಅವಳು ಖಾಲಿ ಹಾಸಿಗೆಯನ್ನೇ ನೋಡುತ್ತಿದ್ದಳು.

"ಒಂದು ಮಾತು ಹೇಳಿದ್ರೆ ಸಾಕಿತ್ತು ಸಾರ್. ಬೆಳಗಾಗೋವರೆಗೂ ಅವರ ಪಕ್ಕದಲ್ಲೇ ಕೂತಿರ್ತಿದ್ದೆ. ನನಗೂ ಮಾತಾಡೋಕೆ ಯಾರೂ ಇರ್ಲಿಲ್ಲ."